ಬಡಾವಣೆಗೊಂದು ಅಗಸಿ, ಅಗಸಿಗೊಬ್ಬ ಗೌಡ

“ಸದರಿ ಪ್ಲಾಟಿನಲ್ಲಿ ಕಟ್ಟುವ ಮನೆಯಲ್ಲಿ ಖರೀದಿದಾರರಾಗಲಿ ಅವರ ಬಾಡಿಗೆದಾರರಾಗಲಿ ಮದ್ಯ, ಮಾಂಸ ಇತ್ಯಾದಿ ಉಪಯೋಗಿಸತಕ್ಕದ್ದಲ್ಲ. ಸಂಘದ ಲಿಖಿತ ಒಪ್ಪಿಗೆಯಿಲ್ಲದೆ ಪ್ಲಾಟನ್ನು ಪರಭಾರೆ ಮಾಡತಕ್ಕದ್ದಲ್ಲ. ಸಂಘವು ಕಾಲಕಾಲಕ್ಕೆ ಮಾಡುವ ನಿಯಮಗಳಿಗೆ ಖರೀದಿದಾರರೂ ಅವರ ವಾರಸುದಾರರೂ ಬದ್ಧರಾಗಿರತಕ್ಕದ್ದು.”

ಒಕ್ಕಣೆ ಹೆಚ್ಚುಕಡಿಮೆ ಹೀಗಿರುತ್ತದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಅಂಚಿನ ಹೊಲಗಳೆಲ್ಲ ಪ್ಲಾಟುಗಳಾಗುತ್ತಿರುವ ಈ ದಿನಗಳಲ್ಲಿ ಇಂಥ ಷರತ್ತು ಕೆಲವು ಕಡೆ ಖರೀದಿ ಪತ್ರದ ಕೊನೆಯ ಪುಟದಲ್ಲಿ ಕೂತಿರುತ್ತದೆ, ಕೆಲವು ಕಡೆ ಮಾಲೀಕರ ಸಂಘದ ಬೈಲಾದಲ್ಲಿ. ಉಳಿದ ಕಡೆ ಎಲ್ಲೂ ಬರೆದಿರುವುದಿಲ್ಲ, ದಲ್ಲಾಳಿಯ ಬಾಯಲ್ಲಿರುತ್ತದೆ. ಯಾರಾದರೂ ತಕರಾರು ತೆಗೆದರೆ ನಮ್ಮ ಸುಶಿಕ್ಷಿತರ ಹತ್ತಿರ ಸಿದ್ಧ ಉತ್ತರವಿದೆ: “ಅವರ ಲೇಔಟು, ಅವರ ರೂಲ್ಸು. ಒಪ್ಪಿಗಿ ಇದ್ರ ತಗೋಬೇಕು, ಇಲ್ಲಾಂದ್ರ ಬ್ಯಾರೆ ಕಡೆ ನೋಡ್ಕೋಬೇಕು.” ಮಾಸ್ತರರು, ಡಾಕ್ಟರರು, ನಿವೃತ್ತ ಅಧಿಕಾರಿಗಳು, ಅಷ್ಟೇ ಏಕೆ, ಕಾನೂನು ಓದಿದ ವಕೀಲರೂ ಇದನ್ನು ವೇದವಾಕ್ಯದ ಹಾಗೆ ಹೇಳುತ್ತಾರೆ. ನನ್ನ ಜಗಳ ಈ ವಾಕ್ಯದ ಜೊತೆ. ಇದು ಕಾನೂನಿನ ಲೆಕ್ಕದಲ್ಲಿ ತಪ್ಪು, ನ್ಯಾಯದ ಲೆಕ್ಕದಲ್ಲಿ ಅನ್ಯಾಯ, ಮತ್ತು ಇದನ್ನು ಹೇಳುವವರು ಅದನ್ನು ತಮಗೆ ಅನುಕೂಲವಾದಾಗ ಮಾತ್ರ ಹೇಳುತ್ತಾರೆ.

ಮೊದಲು ಈ ‘ಒಪ್ಪಿಗಿ’ಯನ್ನೇ ನೋಡೋಣ. ಪ್ಲಾಟು ಕೊಳ್ಳುವವನು ಸಂಚಕಾರ ಕೊಟ್ಟು ತಿಂಗಳುಗಳಾಗಿರುತ್ತವೆ. ಬ್ಯಾಂಕಿನ ಸಾಲ ಮಂಜೂರಾಗಿರುತ್ತದೆ. ಹೆಂಡತಿಯ ಬಂಗಾರ ಅಡವಿಗೆ ಹೋಗಿರುತ್ತದೆ. ಸಬ್ ರಜಿಸ್ಟ್ರಾರ್ ಕಚೇರಿಯ ಎದುರಿನ ಬಾಂಡ್ ರೈಟರ್‌ನ ಕಂಪ್ಯೂಟರಿನಲ್ಲಿ ಕರಡು ಮೊದಲೇ ತಯಾರಿರುತ್ತದೆ. ಹಿಂದಿನ ಪ್ಲಾಟಿನವನ ಹೆಸರು ಅಳಿಸಿ ಹೊಸಬನ ಹೆಸರು ಹಾಕುತ್ತಾರೆ, ಪ್ಲಾಟ್ ನಂಬರ್ ಬದಲಿಸುತ್ತಾರೆ, ಚಕ್ಕುಬಂದಿ ತಿದ್ದುತ್ತಾರೆ. ಕೊಳ್ಳುವವನು ಓದುವುದು ನಾಲ್ಕು ಸಂಗತಿ: ತನ್ನ ಹೆಸರಿನ ಕಾಗುಣಿತ ಸರಿಯಿದೆಯೇ, ಸರ್ವೆ ನಂಬರ್ ಸರಿಯಿದೆಯೇ, ಪೂರ್ವ-ಪಶ್ಚಿಮ ಅಳತೆ ಸರಿಯಿದೆಯೇ, ರೊಕ್ಕದ ಅಂಕಿ ಸರಿಯಿದೆಯೇ. ಆಮೇಲೆ ಕ್ಯಾಮೆರಾ ಮುಂದೆ ಮುಖ, ಯಂತ್ರದ ಮೇಲೆ ಹೆಬ್ಬೆಟ್ಟು. ಒಂಬತ್ತನೇ ಪುಟದ ಆ ಸಾಲನ್ನು ಅವನು ಮೊದಲ ಸಲ ಓದುವುದು ಸಂಘದ ನೋಟೀಸು ಬಂದ ಮೇಲೆ. ಇದನ್ನು ಒಪ್ಪಂದ ಅನ್ನುವುದಾದರೆ ಒಪ್ಪದಿರಲು ಅವನಿಗಿದ್ದ ಅವಕಾಶ ಯಾವುದು? ಸಂಚಕಾರ ಮುಳುಗಿಸಿಕೊಂಡು ಬರಿಗೈಲಿ ಮನೆಗೆ ಹೋಗುವುದೇ?

ಇರಲಿ, ಓದಿಯೇ ಸಹಿ ಮಾಡಿದ ಎಂದಿಟ್ಟುಕೊಳ್ಳಿ. ಸಹಿ ಬಿದ್ದ ಮಾತ್ರಕ್ಕೆ ಷರತ್ತು ಕಾನೂನಾಗುತ್ತದೆಯೇ? ನಮ್ಮ ಆಸ್ತಿ ವರ್ಗಾವಣೆ ಕಾಯ್ದೆ 1882ರದ್ದು. ಬ್ರಿಟಿಷರು ಬರೆದ ಆ ಕಾಯ್ದೆಯ 10ನೇ ಕಲಮು, ಕೊಂಡವನು ಆಸ್ತಿಯನ್ನು ಮುಂದೆ ಮಾರಲೇ ಬಾರದೆಂದು ಕಟ್ಟಿಹಾಕುವ ಷರತ್ತು ಶೂನ್ಯ ಎನ್ನುತ್ತದೆ. 11ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪೂರ್ಣ ಹಕ್ಕಿನಿಂದ ಮಾರಿದ ಮೇಲೆ ‘ಅದನ್ನು ಹೀಗೇ ಅನುಭವಿಸಬೇಕು’ ಎಂದು ಬರೆದರೆ ಕೊಂಡವನು ಆ ಮಾತು ಇಲ್ಲವೆಂಬಂತೆಯೇ ಆಸ್ತಿಯನ್ನು ಅನುಭವಿಸಬಹುದು ಎನ್ನುತ್ತದೆ. ಮಾರಿದವನಿಗೆ ಪಕ್ಕದಲ್ಲೇ ಇನ್ನೊಂದು ಜಾಗವಿದ್ದು, ಅದರ ಅನುಭೋಗಕ್ಕೆ ಬೇಕಾದ ಕಟ್ಟುಪಾಡುಗಳು ಮಾತ್ರ ಉಳಿಯುತ್ತವೆ. ದಾರಿ ಬಿಡು, ಗಾಳಿ-ಬೆಳಕಿಗೆ ಜಾಗ ಬಿಡು, ಚರಂಡಿ ಮುಚ್ಚಬೇಡ, ಇಂಥವು. ಈಗ ಯಾರಾದರೂ ನನಗೆ ತಿಳಿಸಿ ಹೇಳಲಿ: ಹನ್ನೆರಡನೇ ನಂಬರಿನ ಪ್ಲಾಟಿನ ಅಡುಗೆಮನೆಯಲ್ಲಿ ಕುದಿಯುವ ಕೋಳಿ ಸಾರು ಹದಿನಾಲ್ಕನೇ ನಂಬರಿನವರ ಯಾವ ದಾರಿಗೆ ಅಡ್ಡ ಬರುತ್ತದೆ, ಯಾವ ಚರಂಡಿಯನ್ನು ಕಟ್ಟಿಸುತ್ತದೆ?

ಈ ಬಗೆಯ ಷರತ್ತುಗಳಿಗೆ ಕಾನೂನಿನಲ್ಲಿ ಬಲ ತಂದುಕೊಟ್ಟ ಹಳೆಯ ಮೊಕದ್ದಮೆ 1848ರ ಲಂಡನ್ನಿನದು. ಲೆಸ್ಟರ್ ಸ್ಕ್ವೇರಿನ ನಡುವಿನ ತೋಟವನ್ನು ಮಾರುವಾಗ, ಅದನ್ನು ಕಟ್ಟಡ ಕಟ್ಟದೆ ಬಯಲಾಗಿಯೇ ಉಳಿಸಬೇಕು ಎಂದು ಮಾಲೀಕ ಬರೆಸಿದ್ದ. ಕೈಬದಲಾಗಿ ಬಂದ ಕೊನೆಯ ಖರೀದಿದಾರ ಅಲ್ಲಿ ಕಟ್ಟಡ ಎಬ್ಬಿಸಲು ಹೊರಟಾಗ, ಷರತ್ತು ಗೊತ್ತಿದ್ದೇ ಕೊಂಡಿದ್ದೀ, ಪಾಲಿಸು ಎಂದಿತು ನ್ಯಾಯಾಲಯ. ತೋಟ ಉಳಿಯಿತು, ಇವತ್ತಿಗೂ ಅಲ್ಲಿ ಜನ ಕೂರುತ್ತಾರೆ. ಅಂದರೆ ಆ ಕಾನೂನು ಹುಟ್ಟಿದ್ದು ಒಂದು ಬಯಲನ್ನು ಬಯಲಾಗಿ ಉಳಿಸಲಿಕ್ಕೆ. ನಮ್ಮ ಸಂಘಗಳು ಅದೇ ಕಾನೂನಿನ ಮಾತಾಡುತ್ತ ಬಡಾವಣೆಯ ಉದ್ಯಾನಕ್ಕೆ ಕೀಲಿ ಜಡಿದು, ಕೀಲಿಕೈಯನ್ನು ಅಧ್ಯಕ್ಷರ ಮನೆಯ ಮೊಳೆಗೆ ತೂಗುಹಾಕುತ್ತವೆ. ಉದ್ಯಾನದ ಮಾತಿಗೆ ಆಮೇಲೆ ಬರುತ್ತೇನೆ.

ಬರೆದ ಷರತ್ತಿಗಿಂತ ಬರೆಯದ ಷರತ್ತು ಕೆಟ್ಟದ್ದು. ಬರೆದದ್ದನ್ನು ಕೋರ್ಟಿಗೆ ಒಯ್ಯಬಹುದು, ಬಾಯಿಮಾತನ್ನು ಎಲ್ಲಿಗೆ ಒಯ್ಯುವುದು? ದಲ್ಲಾಳಿ ಫೋನಿನಲ್ಲಿ ಮೊದಲು ರೊಕ್ಕದ ಮಾತಾಡುವುದಿಲ್ಲ. “ಅಡ್ಡಹೆಸರು ಏನಂದ್ರಿ?” ಎಂದು ಕೇಳುತ್ತಾನೆ. ಅಡ್ಡಹೆಸರಿನಿಂದ ತಿಳಿಯದಿದ್ದರೆ “ಮನಿದೇವ್ರು ಯಾವುದ್ರೀ?” ಅದರಿಂದಲೂ ಗೊತ್ತಾಗದಿದ್ದರೆ ಸುತ್ತುಬಳಸು ಬಿಟ್ಟು “ನೀವ್ ಯಾವ ಪೈಕಿ?” ಉತ್ತರ ಕೇಳಿದ ಮೇಲೆ ಅವನ ದನಿ ಇಳಿಯುತ್ತದೆ: “ತಪ್ಪ ತಿಳ್ಕೋಬ್ಯಾಡ್ರಿ ಸರ್, ನಮಗೇನಿಲ್ಲ. ಸಂಘದವರು ಕೇಳ್ತಾರ. ಆ ಪ್ಲಾಟು ನಿನ್ನೆನ ಮುಗೀತಂತ.” ಮರುದಿನವೂ, ಮರುತಿಂಗಳೂ ಅದೇ ಪ್ಲಾಟಿನಲ್ಲಿ ‘ಮಾರಾಟಕ್ಕಿದೆ’ ಬೋರ್ಡು ನಿಂತೇ ಇರುತ್ತದೆ. ಬಾಡಿಗೆ ಮನೆಗೂ ಇದೇ ಪ್ರಶ್ನೆ, ಇದೇ ಕ್ರಮ, ಇದೇ ಇಳಿದನಿ. ‘ಶುದ್ಧ ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಚೀಟಿಯ ಹಿಂದಿರುವ ಪ್ರಶ್ನೆ ತಟ್ಟೆಯದಲ್ಲ, ಜಾತಿಯದು ಮತ್ತು ಧರ್ಮದ್ದು. ಸಸ್ಯಾಹಾರಿ ದಲಿತನೊಬ್ಬ ಹೋಗಿ ಕೇಳಲಿ, ಚೀಟಿಯ ಬಣ್ಣ ಬಯಲಾಗುತ್ತದೆ.

ಇದೆಲ್ಲ ಖಾಸಗಿ ವ್ಯವಹಾರ, ಸರ್ಕಾರಕ್ಕೇನು ಸಂಬಂಧ ಎನ್ನುವವರು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯನ್ನು ಒಮ್ಮೆ ತೆರೆದು ನೋಡಲಿ. ಅದರ 4ನೇ ಕಲಮು ಅಂಗಡಿ, ಹೋಟೆಲು, ಬಾವಿಗಳ ಜೊತೆಗೆ ಇನ್ನೊಂದನ್ನೂ ಹೆಸರಿಸುತ್ತದೆ: ಯಾವುದೇ ಪ್ರದೇಶದಲ್ಲಿ ವಾಸದ ಮನೆ ಕಟ್ಟುವುದು, ಕೊಳ್ಳುವುದು, ಅದರಲ್ಲಿ ವಾಸಿಸುವುದು. ಅಸ್ಪೃಶ್ಯತೆಯ ಕಾರಣಕ್ಕೆ ಇದಕ್ಕೆ ಅಡ್ಡಿ ಮಾಡಿದರೆ ಅದು ಅಪರಾಧ. ಅಡ್ಡಿಗೆ ಒಳಗಾದವರು ಪರಿಶಿಷ್ಟ ಜಾತಿಯವರಾದರೆ, ಅಡ್ಡಿ ಮಾಡಿದ್ದು ಅಸ್ಪೃಶ್ಯತೆಯ ಕಾರಣಕ್ಕೇ ಎಂದು ನ್ಯಾಯಾಲಯ ಊಹಿಸಬೇಕು, ಅಲ್ಲವೆಂದು ರುಜುವಾತು ಮಾಡುವ ಹೊರೆ ಆರೋಪಿಯದು ಎಂದೂ ಅದೇ ಕಾಯ್ದೆ ಹೇಳುತ್ತದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ ಬಂದ ತಿದ್ದುಪಡಿ 2016ರ ಜನವರಿಯಿಂದ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನೂ ಅಪರಾಧಗಳ ಪಟ್ಟಿಗೆ ಸೇರಿಸಿದೆ. ಹಳ್ಳಿಯಲ್ಲಿ ಕ್ಷೌರದಂಗಡಿಯವನು ದಲಿತರಿಗೆ ಕ್ಷೌರ ಮಾಡಲೊಲ್ಲೆ ಎಂದರೆ ಪೊಲೀಸ್ ಜೀಪು ಹೋಗುತ್ತದೆ, ಹೋಗಲೇಬೇಕು. ಪಟ್ಟಣದ ಬಡಾವಣೆಯಲ್ಲಿ ಅದೇ ಕೆಲಸವನ್ನು ಇಸ್ತ್ರಿ ಅಂಗಿಯವರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾಡಿದರೆ ಅದಕ್ಕೆ ‘ನೆಮ್ಮದಿಯ ಪರಿಸರ’ ಎಂದು ಹೆಸರು. ಹಳ್ಳಿಯವನಿಗೆ ಒಂದು ಕಾನೂನು, ಬಡಾವಣೆಯವನಿಗೆ ಇನ್ನೊಂದೇ?

ಇಲ್ಲಿ ವಕೀಲ ಗೆಳೆಯರು ಜೇಬಿನಿಂದ ಒಂದು ತೀರ್ಪು ತೆಗೆಯುತ್ತಾರೆ: ಅಹಮದಾಬಾದಿನ ಝೊರಾಸ್ಟ್ರಿಯನ್ ಸಹಕಾರಿ ಗೃಹ ನಿರ್ಮಾಣ ಸಂಘದ ಪ್ರಕರಣ. ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಬೈಲಾ ಇದ್ದ ಸಂಘ ಅದು. ಸದಸ್ಯರೊಬ್ಬರು ಪಾರ್ಸಿಯಲ್ಲದವರಿಗೆ ಮಾರಲು ಹೊರಟರು. ಗುಜರಾತ್ ಹೈಕೋರ್ಟು ಸದಸ್ಯರ ಪರ ನಿಂತಿತು. 2005ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ, ಸ್ವಯಿಚ್ಛೆಯಿಂದ ಕಟ್ಟಿಕೊಂಡ ಸಂಘ ತನ್ನ ಸದಸ್ಯರು ಯಾರೆಂದು ಗೊತ್ತುಮಾಡಿಕೊಳ್ಳಬಹುದು ಎಂದಿತು. ಸರ್ವೋಚ್ಚ ನ್ಯಾಯಾಲಯದ ತೀರ್ಪಿಗೆ ತಲೆಬಾಗುತ್ತೇನೆ, ಆದರೆ ಅದು ಸರಿಯಾದ ತೀರ್ಪು ಎಂದು ಒಪ್ಪುವುದಿಲ್ಲ. 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಬಂದ, ಅಮೆರಿಕದಲ್ಲಿ ಓದಿ ಮರಳಿದ ಡಾ. ಅಂಬೇಡ್ಕರ್ ಆ ಊರಲ್ಲಿ ತಂಗಲು ಎಲ್ಲೂ ಜಾಗ ಸಿಗದೆ ಪಾರ್ಸಿಗಳ ಛತ್ರವೊಂದರಲ್ಲಿ ಹೆಸರು ಬದಲಿಸಿಕೊಂಡು ಇಳಿದುಕೊಂಡಿದ್ದರು. ಗುರುತು ಬಯಲಾದ ದಿನ ಬಡಿಗೆ ಹಿಡಿದ ಗುಂಪು ಬಂದು ಅವರನ್ನು ಹೊರಗೆ ಹಾಕಿತು. ಆ ಗುಂಪಿಗೂ ತನ್ನ ಛತ್ರದಲ್ಲಿ ಯಾರಿರಬೇಕೆಂಬ ‘ಒಪ್ಪಂದ’ವಿತ್ತು! ಸಂವಿಧಾನ ಬರೆದ ವ್ಯಕ್ತಿಯನ್ನು ಬೀದಿಗೆ ತಳ್ಳಿದ ತರ್ಕವೇ ಅದೇ ಸಂವಿಧಾನದ ಅಡಿ, ಅದೇ ಗುಜರಾತಿನಲ್ಲಿ, ಎಂಬತ್ತೆಂಟು ವರ್ಷಗಳ ಮೇಲೆ ಮಾನ್ಯತೆ ಪಡೆಯಿತೆಂದರೆ ಯಾರಿಗಾದರೂ ಇರುಸುಮುರುಸಾಗಬೇಡವೇ?

ಅಷ್ಟಕ್ಕೂ ಆ ತೀರ್ಪು ಹಾವೇರಿಯ ಲೇಔಟಿಗೆ ದಕ್ಕುವುದೂ ಇಲ್ಲ. ಅದು ಸದಸ್ಯರು ಸೇರಿ ಕಟ್ಟಿಕೊಂಡ ಸಹಕಾರಿ ಸಂಘದ ಮಾತು. ಇಲ್ಲಿ ಒಬ್ಬ ಡೆವಲಪರ್ ಹೊಲ ಕೊಂಡು, ಸರ್ಕಾರದಿಂದ ಎನ್‌ಎ (ಕೃಷಿಯೇತರ) ಮಾಡಿಸಿ, ಪ್ರಾಧಿಕಾರದಿಂದ ನಕಾಶೆ ಮಂಜೂರು ಮಾಡಿಸಿ, ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಹಾಕಿ, ಕಂಡಕಂಡವರಿಗೆಲ್ಲ ಮಾರುತ್ತಾನೆ. ಮಾರುವಾಗ ಅದು ಸಂತೆ, ಮಾರಿದ ಮೇಲೆ ಮಠವೇ?

ಅಮೆರಿಕದಲ್ಲಿ ಕರಿಯರಿಗೆ ಮನೆ ಮಾರಬಾರದು ಎಂಬ ಷರತ್ತನ್ನು ಬೀದಿಗೆ ಬೀದಿಯೇ ಸೇರಿ ಬರೆದುಕೊಳ್ಳುತ್ತಿದ್ದ ಕಾಲವೊಂದಿತ್ತು. ಸೇಂಟ್ ಲೂಯಿ ನಗರದಲ್ಲಿ 1911ರಲ್ಲಿ ಹಾಗೆ ಬರೆದುಕೊಂಡಿದ್ದ ಬೀದಿಯೊಂದರಲ್ಲಿ 1945ರಲ್ಲಿ ಶೆಲ್ಲಿ ಎಂಬ ಕರಿಯ ಕುಟುಂಬ ಮನೆ ಕೊಂಡಿತು. ನೆರೆಯವರು ಕೋರ್ಟಿಗೆ ಹೋದರು. 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ನೀವು ನಿಮ್ಮೊಳಗೆ ಏನನ್ನಾದರೂ ಬರೆದುಕೊಳ್ಳಿ, ಆದರೆ ಅದನ್ನು ಜಾರಿ ಮಾಡಿಕೊಡಲು ಸರ್ಕಾರದ ನ್ಯಾಯಾಲಯಗಳು ನಿಮ್ಮ ಆಳುಗಳಲ್ಲ ಎಂಬರ್ಥದ ತೀರ್ಪು ಕೊಟ್ಟಿತು. ಇಪ್ಪತ್ತು ವರ್ಷಗಳ ಮೇಲೆ, 1968ರಲ್ಲಿ, ಕಾಯ್ದೆಯೇ ಬಂತು. ಅದೇ 1948ರ ನವೆಂಬರ್ 29ರಂದು ನಮ್ಮ ಸಂವಿಧಾನ ರಚನಾ ಸಭೆ ಅಸ್ಪೃಶ್ಯತೆ ನಿಷೇಧದ ವಿಧಿಯನ್ನು ಒಪ್ಪಿತು. ಎರಡು ದೇಶಗಳು ಒಂದೇ ವರ್ಷ ಹೊರಟವು. ಅವರ ದೇಶದಲ್ಲಿ ಭೇದ ಹೋಯಿತೆಂದು ಹೇಳುತ್ತಿಲ್ಲ. ಆದರೆ ಅಂಥ ಷರತ್ತನ್ನು ಇವತ್ತು ಅಲ್ಲಿ ಮುಖವೆತ್ತಿ ಸಮರ್ಥಿಸಿಕೊಳ್ಳುವವರಿಲ್ಲ. ನಮ್ಮಲ್ಲಿ ಸಂಘದ ಅಧ್ಯಕ್ಷರು ಅದನ್ನು ಗಣರಾಜ್ಯೋತ್ಸವದ ದಿನ ಧ್ವಜ ಹಾರಿಸಿದ ಮೇಲೆ, ಪೇಡೆ ತಿನ್ನುತ್ತ ಸಮರ್ಥಿಸುತ್ತಾರೆ.

ಈಗ ಈ ವಾದದ ಹೊಟ್ಟೆಯೊಳಗಿನ ಕಪಟಕ್ಕೆ ಬರೋಣ. ‘ಷರತ್ತು ಅಂದ್ರೆ ಷರತ್ತು’ ಎನ್ನುವ ಇದೇ ಜನ, ಬೇರೆ ಷರತ್ತುಗಳ ಬಗ್ಗೆ ಏನು ಹೇಳುತ್ತಾರೆ? ದಲಿತರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ ಎಂದು 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತದೆ. ಅದೂ ಭೂಮಿಯ ಮೇಲಿನ ಷರತ್ತೇ, ಮಂಜೂರಾತಿ ಪತ್ರದಲ್ಲಿ ಬರೆದದ್ದೇ. ಸಾಲಕ್ಕೆ, ಸಾರಾಯಿಗೆ, ಮದುವೆಯ ಖರ್ಚಿಗೆ ಬಡವನ ಎರಡೆಕರೆ ಹಾರಿಹೋಗದಿರಲಿ ಎಂದು ಇಟ್ಟ ಷರತ್ತು. ಅದರ ಬಗ್ಗೆ ನಮ್ಮ ಪಟ್ಟಣದ ಪಡಸಾಲೆಗಳಲ್ಲಿ ಕೇಳುವ ಮಾತು ಏನು? “ಅದೊಂದು ತಲಿನೋವಿನ ಕಾಯ್ದೆ. ರೊಕ್ಕ ಕೊಟ್ಟು ತಗೊಂಡವರ ಗತಿ ಏನು? ಆಸ್ತಿ ಹಕ್ಕಿಗೆ ಬೆಲೆ ಇಲ್ಲೇನು?” ತಡವಾಗಿ ಅರ್ಜಿ ಹಾಕಿದರೆಂದು ಎಷ್ಟೋ ಮೂಲ ಮಂಜೂರಿದಾರರ ಅರ್ಜಿಗಳು ಬಿದ್ದುಹೋದವು. ಕಾಲಮಿತಿ ಅನ್ವಯಿಸದು ಎಂದು 2023ರಲ್ಲಿ ತಿದ್ದುಪಡಿ ತರಬೇಕಾಯಿತು, ಅದಕ್ಕಾಗಿ ಜನ ಬೀದಿಯಲ್ಲಿ ಕೂರಬೇಕಾಯಿತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಬಾರದು ಎಂಬ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳೂ ಷರತ್ತುಗಳೇ. 2020ರಲ್ಲಿ ಅವನ್ನು ಕಿತ್ತುಹಾಕಿದಾಗ ಇದೇ ಜನ ಚಪ್ಪಾಳೆ ಹೊಡೆದರು: ಯಾರು ಯಾರಿಗೆ ಬೇಕಾದರೂ ಮಾರಲಿ, ಅದೇ ಸ್ವಾತಂತ್ರ್ಯ!

ಹೊಲ ಹೊಲವಾಗಿದ್ದಾಗ ಯಾರು ಬೇಕಾದರೂ ಕೊಳ್ಳಬಹುದು. ಅದೇ ಹೊಲಕ್ಕೆ ಕಲ್ಲು ನೆಟ್ಟು ಪ್ಲಾಟು ಮಾಡಿದ ಕೂಡಲೆ ಬೇಕಾದವರೆಲ್ಲ ಕೊಳ್ಳುವಂತಿಲ್ಲ. ಬಡವನ ನೆಲ ಕೈಬಿಟ್ಟು ಹೋಗದ ಹಾಗೆ ಕಾಯುವ ಷರತ್ತು ‘ಅಡಚಣೆ’, ಬಡವ ತಮ್ಮ ಓಣಿಗೆ ಕಾಲಿಡದ ಹಾಗೆ ಕಾಯುವ ಷರತ್ತು ‘ಶಿಸ್ತು’. ಇಷ್ಟು ಸ್ಪಷ್ಟವಾಗಿ ಜಾತಿಯ ಗೆರೆ ಗುಂಟ ಸೀಳಿಕೊಂಡ ತತ್ವವನ್ನು ತತ್ವ ಎನ್ನಬೇಕೇ?

ಬ್ಯಾಡಗಿಯ ಉದಾಹರಣೆ ಕಣ್ಣೆದುರಿಗಿದೆ. ಅಲ್ಲಿನ ಮುಖ್ಯರಸ್ತೆ ಅಗಲೀಕರಣ ವರ್ಷಗಟ್ಟಲೆ ಧರಣಿ, ಬಂದ್, ಕೋರ್ಟು ಎಂದು ಸುತ್ತಾಡಿದ್ದು ಊರಿಗೆಲ್ಲ ಗೊತ್ತು. ರಸ್ತೆ ಬದಿಯ ಆಸ್ತಿ ಮಾಲೀಕರ ವಾದ ಒಂದೇ ಇತ್ತು: ನಮ್ಮ ಆಸ್ತಿ, ಸರಿಯಾದ ಪರಿಹಾರ ಕೊಡದೆ ಮುಟ್ಟುವಂತಿಲ್ಲ. ಸರಿಯೋ ತಪ್ಪೋ, ಇಡೀ ತಾಲೂಕಿನ ಮೆಣಸಿನಕಾಯಿ ಗಾಡಿಗಳು ಸಿಕ್ಕಿಹಾಕಿಕೊಳ್ಳುವ ರಸ್ತೆಯ ಮುಂದೆಯೂ ಒಬ್ಬ ಮಾಲೀಕನ ಹಕ್ಕು ದೊಡ್ಡದು ಎಂದು ನಾವು ವರ್ಷಗಟ್ಟಲೆ ಕಾದೆವು. ಊರಿಗೇ ಬೇಕಾದ ರಸ್ತೆಗೆ ಮಣಿಯದ ಆಸ್ತಿ ಹಕ್ಕು, ನೆರೆಮನೆಯವರ ಮೂಗಿಗೆ ಮಣಿಯಬೇಕೇ?

ನೆಲದ ನೆನಪಿನ ಮಾತೂ ಇದೆ. ಈ ಲೇಔಟುಗಳು ಎದ್ದಿರುವುದು ಎಂಥ ಹೊಲಗಳಲ್ಲಿ? ಸುಗ್ಗಿ ಮುಗಿದ ಮೇಲೆ ರೈತರು ಕುರಿಗಾರರನ್ನು ಕರೆದು, ಕಾಳು ಕೊಟ್ಟು, ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದರು. ಹಿಕ್ಕೆ ಬಿದ್ದ ಹೊಲದ ಬೆಳೆಯೇ ಬೇರೆ. ಕುರಿಗಾರ ಅಲ್ಲೇ ಕಂಬಳಿ ಹಾಸಿ ಮಲಗುತ್ತಿದ್ದ, ಅಲ್ಲೇ ಮೂರು ಕಲ್ಲಿಟ್ಟು ಅಡುಗೆ ಮಾಡಿಕೊಳ್ಳುತ್ತಿದ್ದ. ಅವನ ಮೊಮ್ಮಗ ಓದಿ ನೌಕರಿ ಹಿಡಿದು ಅದೇ ಸರ್ವೆ ನಂಬರಿನಲ್ಲಿ ಮೂವತ್ತು-ನಲವತ್ತರ ಪ್ಲಾಟು ಕೊಂಡರೆ, ಹಬ್ಬದ ದಿನ ಮನೆಯಲ್ಲಿ ಮಟನ್ ಸಾರು ಮಾಡಕೂಡದು. ಕನಕದಾಸರ ಕಾಗಿನೆಲೆ ಇರುವುದು ಇದೇ ಬ್ಯಾಡಗಿ ತಾಲೂಕಿನಲ್ಲಿ, ಅಂಬಿಗರ ಚೌಡಯ್ಯನ ಚೌಡದಾನಪುರ ಇದೇ ರಾಣೆಬೆನ್ನೂರು ತಾಲೂಕಿನಲ್ಲಿ. ಅವರ ಜಯಂತಿಯ ಮೆರವಣಿಗೆ ಬಡಾವಣೆಯ ಮುಂದೆ ಹಾದುಹೋಗುವಾಗ ಸಂಘದವರು ಹೂವು ಹಾಕುತ್ತಾರೆ. ಅವರ ಕುಲದವರು ಪ್ಲಾಟು ಕೇಳಿಕೊಂಡು ಬಂದರೆ ಮಾತ್ರ ‘ನಿನ್ನೆನ ಮುಗೀತಂತ’.

ಮಾಂಸವನ್ನು ಮದ್ಯ, ತಂಬಾಕಿನ ಜೊತೆ ಒಂದೇ ದಾರದಲ್ಲಿ ಪೋಣಿಸುವ ಚಟ ಲೇಔಟಿನವರದು ಮಾತ್ರವಲ್ಲ. 86ನೇ ಕನ್ನಡ ಸಾಹಿತ್ಯ ಸಮ್ಮೇಳನ 2023ರಲ್ಲಿ ಹಾವೇರಿಯಲ್ಲೇ ನಡೆಯಿತು. ಮುಂದಿನದು 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ. ಅಲ್ಲಿ ಮಳಿಗೆಗಳ ನಿಷೇಧಿತ ವಸ್ತುಗಳ ಸಾಲಿನಲ್ಲಿ ಮಾಂಸಾಹಾರವೂ ಇದ್ದದ್ದು ಕಂಡು ಜನ ಸಿಡಿದೆದ್ದು ಬಾಡೂಟಕ್ಕೆ ಹೋರಾಡಿದರು. ಮಂಡ್ಯದವರಿಗೆ ಕೇಳಬೇಕೆನಿಸಿತು, ಕೇಳಿದರು. ನಾವು ಹಾವೇರಿ ಜಿಲ್ಲೆಯವರು ಮೂರು ದಿನದ ಸಮ್ಮೇಳನದ ಮಾತಿರಲಿ, ಜೀವಮಾನವಿಡೀ ಸಾಲ ತೀರಿಸುವ ಸ್ವಂತ ಮನೆಯ ಅಡುಗೆಮನೆಯಲ್ಲೂ ಬಾಯಿಮುಚ್ಚಿಕೊಂಡಿದ್ದೇವೆ. ರಾಜ್ಯದ ಬಹುಪಾಲು ಜನರ ಊಟವನ್ನು ಅಪರಾಧದ ಪಟ್ಟಿಗೆ ಹಾಕುವ ಹಕ್ಕನ್ನು ಇವರಿಗೆ ಕೊಟ್ಟವರು ಯಾರು?

ಕೊಟ್ಟವರು ಯಾರೂ ಅಲ್ಲ, ಇವರೇ ತೆಗೆದುಕೊಂಡದ್ದು. ‘ಮಾಲೀಕರ ಕ್ಷೇಮಾಭಿವೃದ್ಧಿ ಸಂಘ’ ಎಂಬುದು ಕಾನೂನಿನ ಕಣ್ಣಲ್ಲಿ ಏನು? ಬಹುಪಾಲು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಒಂದು ಕೂಟ. ಯುವಕ ಮಂಡಳ, ಭಜನಾ ಸಂಘ, ಅಭಿಮಾನಿಗಳ ಸಂಘ ಎಲ್ಲವೂ ನೋಂದಣಿಯಾಗುವುದು ಅದೇ ಕಾಯ್ದೆಯಡಿ. ಭಜನಾ ಸಂಘದವರು ಬಂದು ನಿಮ್ಮ ಮನೆ ಯಾರಿಗೆ ಬಾಡಿಗೆ ಕೊಡಬೇಕೆಂದು ಹೇಳಿದರೆ ನೀವು ಕೇಳುತ್ತೀರಾ? ಅಪಾರ್ಟ್‌ಮೆಂಟುಗಳಿಗೆ 1972ರ ಪ್ರತ್ಯೇಕ ಕಾಯ್ದೆಯಿದೆ, ಅಲ್ಲಿ ಒಂದೇ ಕಟ್ಟಡದ ಗೋಡೆ, ಮೆಟ್ಟಿಲು, ಲಿಫ್ಟು ಎಲ್ಲರದು. ಪ್ಲಾಟುಗಳ ಬಡಾವಣೆಯಲ್ಲಿ ನಿಮ್ಮ ಗೋಡೆ ನಿಮ್ಮದು, ನಿಮ್ಮ ಮೆಟ್ಟಿಲು ನಿಮ್ಮದು, ಹೊರಗಿನ ರಸ್ತೆ ನಗರಸಭೆಯದು. ಸಂಘದ ‘ಎನ್‌ಒಸಿ’ ಇಲ್ಲದೆ ಪ್ಲಾಟು ಮಾರುವಂತಿಲ್ಲ ಎನ್ನುತ್ತಾರಲ್ಲ, ನೋಂದಣಿ ಕಚೇರಿ ಆ ಚೀಟಿಯನ್ನು ಕೇಳುವುದೇ ಇಲ್ಲ. ಕೇಳುವುದು ಸಂಘ, ಕೊಡುವುದೂ ಸಂಘ, ನಡುವೆ ‘ಅಭಿವೃದ್ಧಿ ನಿಧಿ’ ಎಂದು ಕೈಬದಲಾಗುವ ನೋಟುಗಳಿಗೆ ರಸೀದಿ ಇದ್ದರೆ ಪುಣ್ಯ.

ಹಳೆಯ ಊರುಗಳಿಗೆ ಅಗಸಿ ಇತ್ತು, ಅಗಸಿಯಲ್ಲಿ ಕೂತ ಗೌಡರು 'ಯಾರವ, ಯಾವ ಕುಲದವ' ಎಂದು ಕೇಳಿ ಒಳಗೆ ಬಿಡುತ್ತಿದ್ದರು. ಆ ಅಗಸಿಗಳು ಬಿದ್ದುಹೋದವು. ಈಗ ಬಡಾವಣೆಯ ಬಾಯಲ್ಲಿ ಸಿಮೆಂಟಿನ ಕಮಾನು ಎದ್ದಿದೆ. ಅದರಡಿ ಕೂತಿರುವುದು ನಿವೃತ್ತಿಯಾದ ಮೇಲೆ ಅಧಿಕಾರದ ರುಚಿ ಬಿಡಲಾರದ ಗೌಡ, ಕೈಯಲ್ಲಿ ರಬ್ಬರ್ ಸ್ಟ್ಯಾಂಪು.

ಈ ಸ್ಟ್ಯಾಂಪಿನ ಪೆಟ್ಟು ಬೀಳುವುದು ಯಾರ ಮೇಲೆ? ‘ವಾಣಿಜ್ಯ ಚಟುವಟಿಕೆ ನಿಷೇಧ’ ಎಂಬ ನಿಯಮ ಕಾಗದದಲ್ಲಿ ಎಲ್ಲರಿಗೂ ಒಂದೇ. ಮನೆಯಲ್ಲೇ ಖಡಕ್ ರೊಟ್ಟಿ ಬಡಿದು ಖಾನಾವಳಿಗೆ ಕೊಡುವ ವಿಧವೆಗೆ ಅದು ನೋಟೀಸಾಗಿ ಬರುತ್ತದೆ, ಬಡಿಯುವ ಸಪ್ಪಳ ಆಗದಂತೆ. ಬ್ಯಾಡಗಿಯಲ್ಲಿ ವ್ಯಾಪಾರಿಯಿಂದ ಮೆಣಸಿನಕಾಯಿ ತಂದು ಮನೆಯಂಗಳದಲ್ಲಿ ಕೂತು ತೊಟ್ಟು ಬಿಡಿಸಿ ಕೂಲಿ ಪಡೆಯುವ ಹೆಣ್ಣುಮಗಳಿಗೆ ಬರುತ್ತದೆ, ಘಾಟು ಅಂತೆ. ಜಗತ್ತಿಗೆಲ್ಲ ಬ್ಯಾಡಗಿ ಎಂಬ ಹೆಸರು ಗೊತ್ತಾದದ್ದೇ ಆ ಕಾಯಿಯಿಂದ. ಊರಿನ ಹೊಸ ಬಡಾವಣೆಗೆ ಅದರ ಘಾಟು ಆಗಿಬರುವುದಿಲ್ಲ. ಅದೇ ಸಾಲಿನಲ್ಲಿ ಲೆಕ್ಕಪರಿಶೋಧಕರ ಕಚೇರಿ, ಡಾಕ್ಟರ ಸಂಜೆ ಕ್ಲಿನಿಕ್ಕು, ಕಾರ್ಯದರ್ಶಿಗಳ ಸೊಸೆಯ ಟ್ಯೂಷನ್ನು ಸುಖವಾಗಿ ನಡೆಯುತ್ತವೆ, ಅವು ‘ಸೇವೆ’. ಮದುವೆಯಾಗದವರಿಗೆ ಮನೆ ಕೊಡಬಾರದು ಎಂಬುದು ಇನ್ನೊಂದು. ಹಾವೇರಿಗೆ ವೈದ್ಯಕೀಯ ಕಾಲೇಜು ಬೇಕು ಎಂದು ವರ್ಷಗಟ್ಟಲೆ ಕೂಗಿದೆವು, ಬಂತು. ಅಲ್ಲಿ ಓದುವ ಮಕ್ಕಳು, ಪಾಳಿ ಮಾಡುವ ನರ್ಸುಗಳು ಎಲ್ಲಿರಬೇಕು? ರಾತ್ರಿ ಹನ್ನೊಂದಕ್ಕೆ ಪಾಳಿ ಮುಗಿಸಿ ಬರುವ ಹುಡುಗಿಯ ಬಗ್ಗೆ ಸಂಘದ ಗುಂಪಿನಲ್ಲಿ ನಡೆಯುವ ಚರ್ಚೆಯನ್ನು ಇಲ್ಲಿ ಬರೆಯಲು ನನಗೆ ನಾಚಿಕೆ. ಬೆಳಿಗ್ಗೆ ಎದೆನೋವು ಬಂದರೆ ಓಡಿಹೋಗುವುದು ಅದೇ ಹುಡುಗಿಯ ಹತ್ತಿರ.

ಇನ್ನು ಉದ್ಯಾನ. ಲೇಔಟ್ ಮಂಜೂರಾಗುವಾಗ ಕನಿಷ್ಠ ಶೇ 10ರಷ್ಟು ಜಾಗ ಉದ್ಯಾನಕ್ಕೆ, ಶೇ 5 ನಾಗರಿಕ ಸೌಲಭ್ಯಕ್ಕೆ ಬಿಡಿಸುವುದು ನಮ್ಮಲ್ಲಿ ನಡೆದುಬಂದ ನಿಯಮ. ಆ ಜಾಗವನ್ನೂ ರಸ್ತೆಗಳನ್ನೂ ಬಿಟ್ಟುಕೊಡುವ ಪತ್ರ ಬರೆದು ಸರ್ಕಾರಿ ಸಂಸ್ಥೆಗೆ ಒಪ್ಪಿಸಬೇಕು. ಒಪ್ಪಿಸಿದ ಕ್ಷಣದಿಂದ ಅದು ಊರಿನ ಸ್ವತ್ತು, ಪಕ್ಕದ ಜನತಾ ಪ್ಲಾಟಿನ ಮಗುವಿಗೂ ಅಲ್ಲಿ ಜೋಕಾಲಿ ಆಡುವ ಹಕ್ಕಿದೆ. ಉದ್ಯಾನ, ಆಟದ ಮೈದಾನಗಳ ರಕ್ಷಣೆಗೆಂದೇ 1985ರ ಕರ್ನಾಟಕ ಕಾಯ್ದೆಯಿದೆ. ಬೆಂಗಳೂರಿನ ಉದ್ಯಾನದ ಜಾಗವೊಂದನ್ನು ಖಾಸಗಿ ಆಸ್ಪತ್ರೆಗೆ ಕೊಡಲು ಹೊರಟಾಗ, 1991ರ ಮುದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆದು, ಉದ್ಯಾನ ಸಾರ್ವಜನಿಕರದು ಎಂದು ಎತ್ತಿಹಿಡಿಯಿತು. ಆಸ್ಪತ್ರೆಗೇ ಕೊಡದ ಜಾಗವನ್ನು ನಮ್ಮಲ್ಲಿ ಸಂಘದ ಕಚೇರಿಗೆ, ತಮ್ಮ ಪೈಕಿಯ ದೇವರ ಗುಡಿಗೆ, ಕಾರು ನಿಲ್ಲಿಸುವ ಶೆಡ್ಡಿಗೆ ಸದ್ದಿಲ್ಲದೆ ಕೊಟ್ಟಾಗಿರುತ್ತದೆ. ಖಾಸಗಿ ಮನೆಯೊಳಗಿನ ಒಲೆಯ ಮೇಲೆ ಹಕ್ಕು ಚಲಾಯಿಸುವವರು, ಸಾರ್ವಜನಿಕರ ಜಾಗವನ್ನು ಖಾಸಗಿ ಎಂದು ಬೋರ್ಡು ಹಾಕುತ್ತಾರೆ.

ಈ ಗದ್ದಲದಲ್ಲಿ ನಗುತ್ತಿರುವವನು ಒಬ್ಬನಿದ್ದಾನೆ: ಡೆವಲಪರ್. ಒಳಚರಂಡಿ ಮಾಡಿಕೊಡುತ್ತೇನೆಂದಿದ್ದ, ಪೈಪು ಹೂತು ಹೋದ, ಪೈಪು ಯಾವುದಕ್ಕೂ ಜೋಡಣೆಯಾಗಿಲ್ಲ. ಡಾಂಬರು ಮೊದಲ ಮಳೆಗೆ ಎದ್ದಿತು. ಬೀದಿದೀಪದ ಕಂಬಗಳಿವೆ, ದೀಪಗಳಿಲ್ಲ. ಬಡಾವಣೆ ಇನ್ನೂ ನಗರಸಭೆಗೆ ಹಸ್ತಾಂತರವಾಗಿಲ್ಲ, ಹಾಗಾಗಿ ನೀರು ಅವನು ಕೊರೆಸಿದ ಬೋರ್‌ವೆಲ್ಲಿನದೇ, ಬೋರ್‌ವೆಲ್ಲಿನ ಸ್ವಿಚ್ಚು ಸಂಘದ ಕೈಯಲ್ಲಿ. ವಂತಿಗೆ ಕೊಡದವನಿಗೆ, ನಿಯಮ ಮುರಿದವನಿಗೆ ನೀರು ಬಂದ್! ಕುಡಿಯುವ ನೀರು ನಿಲ್ಲಿಸಿ ದಂಡಿಸುವ ಅಧಿಕಾರ ಜಿಲ್ಲಾಧಿಕಾರಿಗಳಿಗೂ ಇಲ್ಲ. ರೇರಾ ಕಾಯ್ದೆ 2016ರಲ್ಲಿ ಬಂದದ್ದೇ ಕೊಂಡವರು ಒಟ್ಟಾಗಿ ಡೆವಲಪರ್‌ನ ಕೊರಳಪಟ್ಟಿ ಹಿಡಿಯಲಿ ಎಂದು, ಕೊಂಡವರ ಸಂಘ ಕಟ್ಟಿಸುವ ಹೊಣೆಯನ್ನೂ ಅದು ಅವನ ಮೇಲೇ ಹಾಕಿದೆ. ಸಂಘ ಇರಬೇಕಾದದ್ದು ಆ ಕೆಲಸಕ್ಕೆ. ಅದು ಬಿಟ್ಟು ಸಂಘದವರು ಕಸದ ಬುಟ್ಟಿ ಕೆದರಿ ತತ್ತಿಯ ಸಿಪ್ಪೆ ಯಾರ ಮನೆಯದೆಂದು ಪತ್ತೆದಾರಿಕೆ ನಡೆಸುತ್ತಾರೆ. ತತ್ತಿಯ ಸಿಪ್ಪೆಯ ಹಿಂದೆ ಬಿದ್ದ ಸಂಘಕ್ಕಿಂತ ಡೆವಲಪರ್‌ಗೆ ಬೇಕಾದದ್ದು ಇನ್ನೇನಿದೆ? ಎಷ್ಟೋ ಕಡೆ ಮೊದಲ ಅಧ್ಯಕ್ಷರು ಅವನ ಬೀಗರೇ ಆಗಿರುವುದು ಕಾಕತಾಳೀಯ ಎಂದು ನಂಬುವಷ್ಟು ಮುಗ್ಧನಲ್ಲ ನಾನು.

ಕೊನೆಗೆ ಉಳಿಯುವ ವಾದ ಒಂದೇ: “ಕಂಡಕಂಡವರು ಬಂದ್ರ ಪ್ಲಾಟಿನ ರೇಟು ಬೀಳ್ತದ.” ಕನಿಷ್ಠ ಇದು ಪ್ರಾಮಾಣಿಕ ಮಾತು. ಶುಚಿ, ಸಂಸ್ಕೃತಿ, ನೆಮ್ಮದಿ ಎಂಬ ಹೊದಿಕೆಗಳೆಲ್ಲ ಜಾರಿ ಬಿದ್ದು ಚದರಡಿಯ ದರವೊಂದೇ ನಿಂತಿದೆ. ಹಾಗಾದರೆ ಕೇಳುತ್ತೇನೆ: ಒಂದು ಮನೆತನ ನೆರೆಗೆ ಬಂದರೆ ದರ ಬೀಳುತ್ತದೆ ಎಂಬ ಸ್ಥಿತಿ ಇರುವುದು ಆ ಮನೆತನದ ತಪ್ಪೋ, ಅವರನ್ನು ಕಂಡು ದರ ಇಳಿಸುವ ನಿಮ್ಮ ತಪ್ಪೋ? ಸೇಂಟ್ ಲೂಯಿಯ ಬಿಳಿಯರೂ ಅದನ್ನೇ ಹೇಳಿದ್ದರು. ದರ ಬೀಳಿಸುವುದು ಹೂತ ಪೈಪಿನ ಆ ಒಳಚರಂಡಿ. ಅದರ ಬಗ್ಗೆ ಸಂಘದ ಠರಾವು ಎಲ್ಲಿದೆ?

ಮಾಡಬೇಕಾದದ್ದು ಕಷ್ಟದ್ದೇನಲ್ಲ. ನಕಲಿ ದಸ್ತಾವೇಜು ತಡೆಯಲು ನೋಂದಣಿ ಕಾಯ್ದೆಗೆ ತಿದ್ದುಪಡಿ ತಂದ ರಾಜ್ಯ ಸರ್ಕಾರಕ್ಕೆ, ಜಾತಿ, ಧರ್ಮ, ಆಹಾರ, ಮದುವೆಯ ಆಧಾರದ ಮೇಲೆ ಮಾರಾಟವನ್ನಾಗಲಿ ಬಾಡಿಗೆಯನ್ನಾಗಲಿ ಕಟ್ಟಿಹಾಕುವ ಯಾವ ಷರತ್ತೂ ಶೂನ್ಯ, ಅಂಥ ಒಕ್ಕಣೆಯಿರುವ ಪತ್ರ ನೋಂದಣಿಗೆ ಅನರ್ಹ ಎಂದು ಒಂದು ಕಲಮು ಸೇರಿಸಲು ಆಗದೇ? ಈಗಾಗಲೇ ನೋಂದಣಿಯಾದ ಪತ್ರಗಳಲ್ಲಿರುವ ಇಂಥ ಸಾಲುಗಳೂ ಇಲ್ಲವೆಂದೇ ಲೆಕ್ಕ ಎಂದು ಅದೇ ಕಲಮು ಹೇಳಲಿ. ಸಂಘಗಳ ನೋಂದಣಾಧಿಕಾರಿ ಪ್ರತಿವರ್ಷ ಲೆಕ್ಕಪತ್ರ ಕೇಳುವಾಗ ಬೈಲಾವನ್ನೂ ಓದಲಿ, ಸದಸ್ಯರಲ್ಲದವರ ಮೇಲೆ ದಂಡ ಹಾಕುವ, ನೀರು ನಿಲ್ಲಿಸುವ ಸಂಘದ ನೋಂದಣಿ ರದ್ದಾಗಲಿ. ಪ್ರಾಧಿಕಾರಗಳು ಹಸ್ತಾಂತರವಾಗದ ಬಡಾವಣೆಗಳ ಪಟ್ಟಿಯನ್ನು ಡೆವಲಪರ್‌ಗಳ ಹೆಸರಿನ ಸಮೇತ ಕಚೇರಿಯ ಗೋಡೆಗೆ ಅಂಟಿಸಲಿ. ಪೊಲೀಸರು 1955ರ ಕಾಯ್ದೆಯ 4ನೇ ಕಲಮಿನಡಿ ಒಂದು, ಒಂದೇ ಒಂದು ಪ್ರಕರಣವನ್ನು ಸಂಘದ ಪದಾಧಿಕಾರಿಗಳ ಮೇಲೆ ದಾಖಲಿಸಿ ನೋಡಲಿ, ಉಳಿದ ಕಮಾನುಗಳ ಕೆಳಗಿನ ಕುರ್ಚಿಗಳು ತಾವಾಗಿಯೇ ಖಾಲಿಯಾಗುತ್ತವೆ.

ಬೆಂಗಳೂರಿಗೆ ಕಾಯದೆ ಇಲ್ಲೇ ಶುರುಮಾಡಬಹುದಾದದ್ದೂ ಇದೆ. ಹಾವೇರಿ, ರಾಣೆಬೆನ್ನೂರು ನಗರಸಭೆಗಳ, ಬ್ಯಾಡಗಿ ಪುರಸಭೆಯ ಮುಂದಿನ ಸಾಮಾನ್ಯ ಸಭೆಯಲ್ಲಿ ಯಾರಾದರೂ ಒಬ್ಬ ಸದಸ್ಯ ಎದ್ದು ನಿಂತು ಠರಾವು ಮಂಡಿಸಲಿ: ನಮ್ಮ ಹದ್ದಿನಲ್ಲಿರುವ ಎಲ್ಲ ಬಡಾವಣೆಗಳ ಉದ್ಯಾನಗಳ ಕೀಲಿ ಒಂದು ತಿಂಗಳೊಳಗೆ ತೆಗೆಸಬೇಕು, ‘ಇದು ಸಾರ್ವಜನಿಕ ಸ್ವತ್ತು’ ಎಂದು ಪುರಸಭೆಯ ಬೋರ್ಡು ಹಾಕಿಸಬೇಕು, ಜಾತಿ-ಆಹಾರದ ಷರತ್ತು ಹಾಕುವ ಲೇಔಟಿಗೆ ನಾವು ಕಟ್ಟಡ ಪರವಾನಗಿ ಕೊಡುವ ಮೊದಲು ಆ ಷರತ್ತು ಕೈಬಿಟ್ಟ ಮುಚ್ಚಳಿಕೆ ಬರೆಸಿಕೊಳ್ಳಬೇಕು. ಠರಾವು ಬಿದ್ದರೂ ಬೀಳಲಿ. ಕೈಯೆತ್ತಿ ಮತ ಹಾಕಿಸಿ, ಪರವಾಗಿ ಯಾರು, ವಿರುದ್ಧವಾಗಿ ಯಾರು, ಸಭೆಯಿಂದ ಎದ್ದು ಚಹಾ ಕುಡಿಯಲು ಹೋದವರು ಯಾರು ಎಂಬುದನ್ನು ಹೆಸರು ಹಿಡಿದು ನಡಾವಳಿ ಪುಸ್ತಕದಲ್ಲಿ ಬರೆಸಬೇಕು.